ಹಿರೋಷಿಮಾ ಆದ ಮೇಲೆ ನಾಗಸಾಕಿ ಏಕೆ?

ಮಾನ್ಯ ಸಂಪಾದಕರೇ,

ಆಗಸ್ಟ್ ಬಂತೆಂದರೆ ಅದೇ ವಾದ ಮತ್ತೆ ಕೇಳಿಬರುತ್ತದೆ: ಅಣುಬಾಂಬ್ ಹಾಕದಿದ್ದರೆ ಅಮೆರಿಕದ ಸೈನ್ಯ ಜಪಾನಿನ ನೆಲಕ್ಕೆ ಇಳಿಯಬೇಕಾಗುತ್ತಿತ್ತು, ಎರಡೂ ಕಡೆ ಲಕ್ಷಾಂತರ ಜನ ಸಾಯುತ್ತಿದ್ದರು, ಹಾಗಾಗಿ ಬಾಂಬೇ ಕಡಿಮೆ ಕ್ರೂರ ದಾರಿ. ಈ ವಾದಕ್ಕೆ ನಿಜವಾದ ತೂಕ ಬರುವುದು ಬೇರೆ ಕಡೆಯಿಂದ. 1945ರಲ್ಲಿ ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಜಪಾನಿನ ಹಿಡಿತದಡಿ ದಿನವೂ ಜನ ಸಾಯುತ್ತಿದ್ದರು. ಯುದ್ಧ ಒಂದು ವಾರ ಬೇಗ ಮುಗಿದರೂ ಅವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು. ಬಾಂಬನ್ನು ವಿರೋಧಿಸುವವರು ಇದನ್ನು ಮರೆತು ಮಾತಾಡುವುದು ಸರಿಯಲ್ಲ.

ಆದರೆ ಇದ್ದದ್ದು ಎರಡೇ ದಾರಿ ಎನ್ನುವುದಕ್ಕೆ ದಾಖಲೆಯ ಬೆಂಬಲವಿಲ್ಲ. ಕ್ಯೂಶು ದ್ವೀಪದಲ್ಲಿ ಸೈನ್ಯ ಇಳಿಸಲು ಗೊತ್ತುಮಾಡಿದ್ದ ದಿನ ನವೆಂಬರ್ 1. ಹಿರೋಷಿಮಾದ ಮೇಲೆ ಬಾಂಬ್ ಬಿದ್ದ ಆಗಸ್ಟ್ 6ರಂದು ಅದಕ್ಕಿನ್ನೂ ಮೂರು ತಿಂಗಳ ಹತ್ತಿರ ಸಮಯವಿತ್ತು. ಅಮೆರಿಕದ ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಜುಲೈನಲ್ಲಿ ಅಧ್ಯಕ್ಷರ ಮುಂದಿಟ್ಟ, ಜಪಾನಿಗೆ ಶರಣಾಗಲು ಹೇಳುವ ಘೋಷಣೆಯ ಕರಡಿನಲ್ಲಿ, ಆಗಿನ ರಾಜವಂಶದಡಿಯೇ ಸಾಂವಿಧಾನಿಕ ಅರಸೊತ್ತಿಗೆ ಮುಂದುವರಿಯಬಹುದು ಎಂಬ ಮಾತಿತ್ತು. ಜುಲೈ 26ರಂದು ಅದೇ ಪಾಟ್ಸ್‌ಡ್ಯಾಮ್ ಘೋಷಣೆಯಾಗಿ ಹೊರಬಂದಾಗ ಅದು ಕಾಣೆಯಾಗಿತ್ತು. ಆಗಸ್ಟ್ 10ರಂದು ಜಪಾನ್ ಪಟ್ಟು ಹಿಡಿದದ್ದು ಅದೇ ಒಂದು ವಿಷಯಕ್ಕೆ. ಕೊನೆಗೆ ಚಕ್ರವರ್ತಿ ಹಿರೋಹಿಟೊ ಸಿಂಹಾಸನದಲ್ಲಿ ಉಳಿದೂ ಉಳಿದರು. ಆ ಒಂದು ಸಾಲು ಇದ್ದಿದ್ದರೆ ಜಪಾನ್ ಮೊದಲೇ ಶರಣಾಗುತ್ತಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು, ಅಲ್ಲಿನ ಸೇನಾನಾಯಕರ ಹಟ ಅಷ್ಟಿತ್ತು. ಆದರೂ ಕೊಟ್ಟು ನೋಡಬಹುದಾಗಿತ್ತು, ಕೊಡಲಿಲ್ಲ.

ಇನ್ನು ‘ಗುರಿ ಸೇನಾ ನೆಲೆಯಾಗಿತ್ತು’ ಎಂಬ ಸಮರ್ಥನೆ. ಹಿರೋಷಿಮಾದಲ್ಲಿ ಸೇನೆಯ ಮುಖ್ಯ ಕಚೇರಿ, ಸೈನಿಕರು ಹಡಗು ಹತ್ತುವ ಬಂದರು ಇದ್ದದ್ದು ನಿಜ. ಆದರೆ 1945ರ ಮೇ ತಿಂಗಳಲ್ಲಿ ಅಣುಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಾಮೋಸ್‌ನಲ್ಲಿ ಸೇರಿದ್ದ, ಎಲ್ಲಿಗೆ ಬಾಂಬ್ ಹಾಕಬೇಕೆಂದು ಆರಿಸುವ ಗುರಿ ಸಮಿತಿಯ ನಡಾವಳಿಯನ್ನು ಓದಬೇಕು. ಮೂರು ಮೈಲಿಗಿಂತ ಅಗಲವಾದ ನಗರ ಬೇಕು ಎನ್ನುತ್ತದೆ ಅದು. ಸೇನಾ ಗುರಿ ಸಣ್ಣದಾದರೆ, ಸ್ಫೋಟಕ್ಕೆ ಸಿಕ್ಕುವ ದೊಡ್ಡ ಪ್ರದೇಶದ ನಡುವೆಯೇ ಅದು ಇರಬೇಕು. ಇಲ್ಲವಾದರೆ ಬಾಂಬ್ ಸ್ವಲ್ಪ ಆಚೀಚೆಯಾದರೂ ವ್ಯರ್ಥ. ಹಿರೋಷಿಮಾದ ಪಕ್ಕದ ಗುಡ್ಡಗಳು ಹಾನಿಯನ್ನು ಹೆಚ್ಚಿಸಬಹುದು ಎಂಬ ಟಿಪ್ಪಣಿಯೂ ಅಲ್ಲಿದೆ.

ಸಿಡಿದ ಎತ್ತರವನ್ನೇ ನೋಡಿ. ನೆಲದ ಮೇಲೆ ಸಿಡಿದರೆ ಶಕ್ತಿಯ ಒಂದು ಪಾಲು ಗುಂಡಿ ತೋಡುವುದರಲ್ಲೇ ಹೋಗುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದಾಗ ನೇರವಾಗಿ ಬರುವ ಒತ್ತಡದ ಅಲೆ, ನೆಲಕ್ಕೆ ಬಡಿದು ಮೇಲೇಳುವ ಅಲೆ ಎರಡೂ ಕೂಡಿಕೊಂಡು ಬಹುದೂರದವರೆಗೆ ಮನೆಗಳನ್ನು ಕೆಡವುತ್ತವೆ. ಕಾಂಕ್ರೀಟಿನ ಬಂಕರ್ ಒಡೆಯಲು ಯಾರೂ ಈ ಎತ್ತರವನ್ನು ಆರಿಸುವುದಿಲ್ಲ. ಗುರಿಯಿಟ್ಟದ್ದು ಊರ ನಡುವಿನ ಐಒಯಿ ಸೇತುವೆಗೆ, ಸಿಡಿದದ್ದು ಶಿಮಾ ಆಸ್ಪತ್ರೆಯ ನೆತ್ತಿಯ ಮೇಲೆ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಜಾಗ ಬಿಡಿಸುವ ಕೆಲಸಕ್ಕೆ ಅಂದು ಶಾಲಾ ಮಕ್ಕಳನ್ನು ಹಚ್ಚಿದ್ದರು. ಅವರಲ್ಲೇ ಸುಮಾರು 6 ಸಾವಿರ ಮಂದಿ ಸತ್ತರು. ವರ್ಷದ ಕೊನೆಯ ಹೊತ್ತಿಗೆ ನಗರದಲ್ಲಿ ಸತ್ತವರು ಸುಮಾರು 1.40 ಲಕ್ಷ. ಇದನ್ನು ಸೇನಾ ಗುರಿಗೆ ಹೊಡೆಯುವಾಗ ತಪ್ಪಿ ಆದ ಸಾವು ಎನ್ನಲು ಬರುವುದಿಲ್ಲ. ಜನ ವಾಸಿಸುವ ಊರನ್ನೇ ಅಳತೆಗೆ ಹಿಡಿದು ಹೂಡಿದ ಲೆಕ್ಕ ಇದು.

ಹಿರೋಷಿಮಾವನ್ನು ಒಪ್ಪುವವರೂ ನಾಗಸಾಕಿಗೆ ಉತ್ತರ ಹೇಳಬೇಕು. ಜುಲೈ 25ರ ಲಿಖಿತ ಆದೇಶದಲ್ಲಿ ಹಿರೋಷಿಮಾ, ಕೊಕುರಾ, ನೀಗಾಟಾ, ನಾಗಸಾಕಿ ಎಂಬ ನಾಲ್ಕು ಹೆಸರುಗಳಿದ್ದವು. ಮುಂದಿನ ಬಾಂಬ್‌ಗಳನ್ನು ಸಿದ್ಧವಾದಂತೆಲ್ಲ ಹಾಕುವುದು ಎಂದೂ ಬರೆದಿತ್ತು. ಅಂದರೆ ಎರಡನೆಯದಕ್ಕೆ ಬೇರೆ ಅಪ್ಪಣೆಯೇ ಬೇಕಿರಲಿಲ್ಲ. ಆಗಸ್ಟ್ 11ಕ್ಕೆ ಎಂದಿದ್ದನ್ನು 9ಕ್ಕೆ ಎಳೆದದ್ದು ಹವಾಮಾನದ ಮುನ್ಸೂಚನೆ. ಅಂದಿನ ಮೊದಲ ಗುರಿ ಕೊಕುರಾ. ಮೋಡ, ಹೊಗೆ ಕವಿದು ನೆಲ ಕಾಣದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಜಪಾನಿನ ಭೌತವಿಜ್ಞಾನಿ ಯೋಶಿಯೊ ನಿಶಿನಾ ಹಿರೋಷಿಮಾವನ್ನು ನೋಡಲು ತಲುಪಿದ್ದೇ 8ರಂದು. ಬಿದ್ದದ್ದು ಏನೆಂದು ಜಪಾನ್ ಸರ್ಕಾರ ಅರಿತು, ಕೂತು ಯೋಚಿಸಲು ಸಿಕ್ಕ ಸಮಯ ಇಷ್ಟೇ.

9ರ ನಸುಕಿನಲ್ಲಿ ಸೋವಿಯತ್ ಸೇನೆ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಬೆಳಿಗ್ಗೆ ಟೋಕಿಯೊದಲ್ಲಿ ಆರು ಮಂದಿಯ ಯುದ್ಧ ಮಂಡಳಿ ಶರಣಾಗತಿಯ ಷರತ್ತುಗಳನ್ನೇ ಚರ್ಚಿಸುತ್ತಿತ್ತು. ನಾಗಸಾಕಿಯ ಸುದ್ದಿ ಬಂದದ್ದು ಆ ಸಭೆಯ ನಡುವೆ. ಸುದ್ದಿ ಬಂದ ಮೇಲೂ ಮಂಡಳಿ ಮೂರು-ಮೂರಾಗಿಯೇ ಉಳಿಯಿತು, ರಾತ್ರಿ ಚಕ್ರವರ್ತಿಯೇ ತೀರ್ಮಾನ ಹೇಳಬೇಕಾಯಿತು. ಮರುದಿನ ಅಧ್ಯಕ್ಷ ಟ್ರೂಮನ್, ತಮ್ಮ ಸ್ಪಷ್ಟ ಅನುಮತಿಯಿಲ್ಲದೆ ಇನ್ನೊಂದು ಬಾಂಬ್ ಕೂಡದು ಎಂದರು. ಇನ್ನೂ ಒಂದು ಲಕ್ಷ ಜನರನ್ನು ಅಳಿಸುವ ಯೋಚನೆಯೇ ಘೋರ ಎಂದು ಅವರು ಸಂಪುಟದಲ್ಲಿ ಹೇಳಿದ್ದನ್ನು ವಾಣಿಜ್ಯ ಸಚಿವ ಹೆನ್ರಿ ವ್ಯಾಲೇಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಆ ಅಪ್ಪಣೆ ಹಿರೋಷಿಮಾ ಆದ ಕೂಡಲೇ ಹೊರಟಿದ್ದರೆ ನಾಗಸಾಕಿಯ ಸುಮಾರು 70 ಸಾವಿರ ಜನ ಆ ಬಾಂಬಿಗೆ ಬಲಿಯಾಗುತ್ತಿರಲಿಲ್ಲ.

ಹೀಗೆ ಊರನ್ನೇ ಗುರಿಯಾಗಿಸುವುದಕ್ಕೆ ಕಾನೂನಿನ ತಡೆ ಮುಂದೆ ಬಂತು. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್‌ನ (ಪೂರಕ ಒಪ್ಪಂದದ) 51ನೇ ವಿಧಿ, ಒಂದು ನಗರದೊಳಗೆ ಬೇರೆ ಬೇರೆಯಾಗಿರುವ ಸೇನಾ ಗುರಿಗಳನ್ನು ಒಂದೇ ಗುರಿ ಎಂದೆಣಿಸಿ ಬಾಂಬ್ ಹಾಕುವುದನ್ನು ನಿಷೇಧಿಸುತ್ತದೆ. ಅಮೆರಿಕ ಸಹಿ ಮಾಡಿದರೂ ಇದನ್ನು ಸ್ಥಿರೀಕರಿಸಿಲ್ಲ. ಬ್ರಿಟನ್, ಫ್ರಾನ್ಸ್ ಒಪ್ಪುವಾಗಲೇ, ಇದರ ಹೊಸ ನಿಯಮಗಳು ಅಣ್ವಸ್ತ್ರಕ್ಕೆ ತಾಗುವುದಿಲ್ಲ ಎಂದು ಬರೆದುಕೊಟ್ಟಿವೆ. ಭಾರತ ಸಹಿಯನ್ನೇ ಹಾಕಿಲ್ಲ. ಈ ದೇಶಗಳು ಇದನ್ನು ಅಣ್ವಸ್ತ್ರಕ್ಕೂ ಅನ್ವಯಿಸಿ ಪೂರ್ತಿಯಾಗಿ ಒಪ್ಪಬೇಕು ಎಂದು ತಮ್ಮ ಪತ್ರಿಕೆ ಸಂಪಾದಕೀಯದಲ್ಲಿ ಒತ್ತಾಯಿಸಲಿ ಎಂದು ಕೋರುತ್ತೇನೆ.

ಇಂತಿ,
ಯುದ್ಧ ಇತಿಹಾಸದ ಓದುಗ