ಬಂಬಿನ ಬಾಯಿ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಬೀದರ್ ಜಿಲ್ಲೆಗೆ ಚಳಿ ಬಂತೆಂದರೆ ಪತ್ರಿಕೆಗಳಲ್ಲಿ ಪ್ರತಿ ವರ್ಷ ಒಂದೇ ಚಿತ್ರ: ರಸ್ತೆ ಬದಿಯಲ್ಲಿ ನಾಲ್ಕು ಜನ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿರುತ್ತಾರೆ. ತಪ್ಪೇನಿಲ್ಲ. 2,000 ಅಡಿಗೂ ಎತ್ತರದ ಬಯಲಿನಲ್ಲಿರುವ ನಮಗೆ ಡಿಸೆಂಬರ್, ಜನವರಿಯ ಬೆಳಗು ಸುಲಭವಲ್ಲ. ಆದರೆ ಇದೇ ಚಳಿಗಾಗಿ ನಮ್ಮ ಹಿತ್ತಲುಗಳಲ್ಲಿ ಎದ್ದು ನಿಲ್ಲುತ್ತಿರುವ ಇನ್ನೊಂದು ವಸ್ತುವಿನ ಚಿತ್ರವನ್ನು ಯಾರೂ ತೆಗೆದ ಹಾಗಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಛಾವಣಿಯ ಟ್ಯಾಂಕಿಗೆ ಜೋಡಿಸಿದ ಕಟ್ಟಿಗೆ ಬಾಯ್ಲರ್. ಅದರ ಬಗ್ಗೆ ಬರೆಯುವ ಹಕ್ಕು ನನಗೆ ಸ್ವಲ್ಪ ಇದೆ. 31 ವರ್ಷ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದೆ. ಕಬ್ಬಿನ ಸಿಪ್ಪೆ ಉರಿಸಿ ಹಬೆ ಎಬ್ಬಿಸುವುದೇ ನನ್ನ ಹೊಟ್ಟೆಪಾಡು. ಇಷ್ಟಿದ್ದೂ ನನ್ನ ಮನೆಯ ಬಾಯ್ಲರ್ ನನ್ನನ್ನೇ ಮುಗಿಸುವುದರಲ್ಲಿತ್ತು. ಅದನ್ನು ಹೇಳಲು ಈ ಪತ್ರ.

ಮೊದಲು ಹಳೆಯ ಬಂಬಿನ ಮಾತು. ಸ್ನಾನದ ನೀರು ಕಾಯಿಸುವ, ನಮ್ಮ ತಂದೆಯ ಕಾಲದ ತಾಮ್ರದ ಬಂಬ ಮನೆಯಲ್ಲಿ ಇನ್ನೂ ಇದೆ. ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಮೇಲೆ ಒಂದು ಆಲಿಕೆ. ಆಲಿಕೆಗೆ ಒಂದು ತಂಬಿಗೆ ತಣ್ಣೀರು ಹುಯ್ದರೆ ಪಕ್ಕದ ಮೂತಿಯಿಂದ ಒಂದು ತಂಬಿಗೆ ಬಿಸಿನೀರು ಬೀಳುತ್ತದೆ. ಹುಯ್ಯದಿದ್ದರೆ ಬೀಳುವುದಿಲ್ಲ. ಕಾದ ನೀರು ಹಿಗ್ಗಿದರೆ ಅದೇ ಮೂತಿಯಿಂದ ತೊಟ್ಟಿಕ್ಕುತ್ತದೆ, ಕುದಿದರೆ ಆಲಿಕೆಯಿಂದ ಆವಿ ಏಳುತ್ತದೆ. ಇದನ್ನು ಮಾಡಿದ ಕಂಚುಗಾರ ಒತ್ತಡ ಎಂಬ ಪದವನ್ನು ಶಾಲೆಯಲ್ಲಿ ಓದಿರಲಿಕ್ಕಿಲ್ಲ, ಆದರೆ ಅವನ ಬಂಬಿನ ಬಾಯಿಯನ್ನು ಯಾರೂ ಮುಚ್ಚಲಾಗದು. ಹಾಗಾಗಿ ಅದು ಸಿಡಿಯುವ ಪ್ರಶ್ನೆಯೇ ಬರಲಿಲ್ಲ.

ಮನೆಗೆ ಓವರ್‌ಹೆಡ್ ಟ್ಯಾಂಕ್ ಬಂದ ಮೇಲೆ ತೊಂದರೆ ಶುರುವಾಯಿತು. ತಂಬಿಗೆಯಿಂದ ಹುಯ್ಯುವವರು ಯಾರು? ಟ್ಯಾಂಕಿನಿಂದ ಪೈಪು ಇಳಿಸಿ ಬಾಯ್ಲರಿನ ಬುಡಕ್ಕೆ ಕೊಟ್ಟರೆ ಆಯಿತು, ನೆತ್ತಿಯಿಂದ ಬಿಸಿನೀರು ಬಚ್ಚಲಿಗೆ ಹೋಗುತ್ತದೆ. ಅನುಕೂಲವೇನೋ ನಿಜ, ಆದರೆ ಈಗ ಪಾತ್ರೆ ಎಲ್ಲ ಕಡೆಯಿಂದ ಮುಚ್ಚಿದೆ. ಆಲಿಕೆಯ ಕೆಲಸವನ್ನು ನೆತ್ತಿಯಿಂದ ನೇರ ಮೇಲಕ್ಕೆ ಹೋಗುವ ಒಂದು ಪೈಪು ಮಾಡಬೇಕು. ನಮ್ಮ ಕಡೆ ಅದನ್ನು ಗಾಳಿ ಪೈಪು ಎನ್ನುತ್ತಾರೆ. ಆ ಹೆಸರೇ ಅನಾಹುತಕ್ಕೆ ಮೂಲ. ಗಾಳಿ ತಾನೇ, ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂದು ಜನ ತಿಳಿಯುತ್ತಾರೆ.

ನಾನು ಮೂರು ವರ್ಷದ ಹಿಂದೆ 120 ಲೀಟರಿನ ಬಾಯ್ಲರ್ ಮಾಡಿಸಿದೆ. ಆಸೆ ಬರೀ ಸ್ನಾನದ ನೀರಿನದಲ್ಲ. ನನ್ನ ಅಳಿಯ ಅಮೆರಿಕದ ವರ್ಮಾಂಟಿನಲ್ಲಿದ್ದಾನೆ. ಅವನ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿಗೆ ಬಾಯ್ಲರ್ ಇದೆ. ಅದು ನೀರನ್ನು 80 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತದೆ, ಒಂದು ಸಣ್ಣ ಪಂಪು ಆ ನೀರನ್ನು ಕೋಣೆ ಕೋಣೆಯ ರೇಡಿಯೇಟರುಗಳಿಗೆ ತಿರುಗಿಸಿ ಮರಳಿ ತರುತ್ತದೆ. ಹೊರಗೆ ಹಿಮ, ಒಳಗೆ ಅಂಗಿ ತೋಳು ಮಡಿಸಿ ಕೂತ ಅಳಿಯ. ಅವನು ವಿಡಿಯೊ ಕರೆಯಲ್ಲಿ ಒಂದೊಂದನ್ನೂ ತೋರಿಸಿದ. ನೀರು ಹಿಗ್ಗಿದರೆ ಹಿಡಿಸಲು ಒಂದು ತೊಟ್ಟಿ, ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ದಾಟಿದರೆ ತಾನಾಗಿ ತೆರೆಯುವ ಕವಾಟ, ಕರೆಂಟು ಹೋಗಿ ಪಂಪು ನಿಂತರೆ ಬಿಸಿನೀರು ತಾನೇ ಮೇಲೇರಿ ತಣ್ಣಗಾಗಿ ಇಳಿಯಲು ಬೇರೆಯೇ ಒಂದು ಪೈಪಿನ ಸುತ್ತು. "ಇಷ್ಟೆಲ್ಲ ಯಾಕೆ ಮಾವ?" ಎಂದು ಅವನೇ ಕೇಳಿದ. ಗ್ಯಾಸ್ ಒಲೆಯ ಹಾಗೆ ಕಟ್ಟಿಗೆಯ ಬೆಂಕಿಗೆ ಗುಂಡಿ ಇಲ್ಲಪ್ಪ, ಹಚ್ಚಿದ ಮೇಲೆ ಅದು ತನ್ನ ಹೊಟ್ಟೆ ತುಂಬುವ ತನಕ ಉರಿದೇ ಉರಿಯುತ್ತದೆ ಎಂದು ದೊಡ್ಡ ಗುರುವಿನ ಹಾಗೆ ಹೇಳಿದೆ. ಆ ಮಾತು ನನಗೇ ನೆನಪಿರಬೇಕಿತ್ತು.

ನಮ್ಮ ಅವ್ವನಿಗೆ 86. ಕೀಲು ನೋವು. ಚಳಿಗಾಲದಲ್ಲಿ ಅವರ ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಬಾಗಿಲು ಹಾಕುವುದು ನಮ್ಮ ಮನೆಯ ರೂಢಿಯಾಗಿತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆಯೇ ಹೋಗಬಹುದು. ಇದು ಗೊತ್ತಿದ್ದ ನನಗೆ ಪ್ರತಿ ರಾತ್ರಿ ಎರಡು ಸಲ ಎದ್ದು ಅವ್ವನ ಉಸಿರು ನೋಡುವುದಾಗುತ್ತಿತ್ತು. ಅದಕ್ಕೇ ಹಿತ್ತಲಲ್ಲಿ ಎರಡೂವರೆ ಅಡಿ ತಗ್ಗು ತೋಡಿಸಿ ಬಾಯ್ಲರನ್ನು ಅದರಲ್ಲಿ ಕೂರಿಸಿದೆ. ಅವ್ವನ ಕೋಣೆಯ ಗೋಡೆಗೆ ಒಂದೂಕಾಲು ಇಂಚಿನ ಕಬ್ಬಿಣದ ಪೈಪನ್ನು ನಾಲ್ಕು ಸಾಲಾಗಿ ಆರಾರು ಅಡಿ ಓಡಿಸಿ, ಬಾಯ್ಲರಿನ ನೆತ್ತಿಗೂ ಬುಡಕ್ಕೂ ಜೋಡಿಸಿದೆ. ಪಂಪಿಲ್ಲ. ಬಿಸಿನೀರು ಹಗುರ, ಏರುತ್ತದೆ. ತಣಿದ ನೀರು ಭಾರ, ಇಳಿಯುತ್ತದೆ. ಬಾಯ್ಲರ್ ಕೆಳಗಿರಬೇಕು, ಪೈಪಿನಲ್ಲಿ ಎಲ್ಲಿಯೂ ಗಾಳಿ ನಿಲ್ಲುವ ಗೂನು ಇರಬಾರದು, ಅಷ್ಟೇ ಅದರ ಗುಟ್ಟು. ಮೊದಲ ಸಲ ನನ್ನ ಇಳಿಜಾರು ತಪ್ಪಿ ಮೂರನೆಯ ಸಾಲು ತಣ್ಣಗೇ ಉಳಿಯಿತು, ಬಿಚ್ಚಿ ಮತ್ತೆ ಹಾಕಿದೆ. 16 ಡಿಗ್ರಿ ಇರುತ್ತಿದ್ದ ಕೋಣೆ 20ಕ್ಕೆ ಬಂದು ನಿಂತಿತು. ನಾಲ್ಕು ಡಿಗ್ರಿ ಏನು ಮಹಾ ಎನ್ನುವವರು 86 ವರ್ಷದ ಮೊಣಕಾಲನ್ನು ಕೇಳಬೇಕು. ಬೀದರ್ ಕೋಟೆಯಲ್ಲಿ ಈಗ ವಸ್ತು ಸಂಗ್ರಹಾಲಯ ಇರುವ ಕಟ್ಟಡ ಒಂದು ಕಾಲಕ್ಕೆ ಅರಸರ ಹಮಾಮು, ಅಂದರೆ ಸ್ನಾನದ ಮನೆ. ನಮ್ಮ ಅವ್ವ ಆ ಪೈಪುಗಳನ್ನು ನೋಡಿ, "ಬಾದಶಹರ ಮನೆ ಆಯಿತು" ಎಂದರು.

ಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆಯನ್ನು ಹೊಲದಲ್ಲೇ ಬೆಂಕಿಗೆ ಕೊಡುವವರು ಇನ್ನೂ ಇದ್ದಾರೆ. ಅದನ್ನು ತಂದು ಒಟ್ಟಿ, ಮಳೆ ತಾಗದ ಹಾಗೆ ಮೇಲೆ ತಗಡು ಹಾಕಿದರೆ ವರ್ಷದ ಒಲೆಗೆ ಸಾಕು. 100 ಲೀಟರ್ ನೀರನ್ನು 15 ಡಿಗ್ರಿಯಿಂದ 60ಕ್ಕೆ ಏರಿಸಲು ಕರೆಂಟಾದರೆ 5 ಯೂನಿಟ್ಟಿಗೂ ಮೇಲೆ ಬೇಕು. ಒಣಗಿದ ತೊಗರಿ ಕಟ್ಟಿಗೆ, ಅರ್ಧಕ್ಕಿಂತ ಹೆಚ್ಚು ಕಾವು ಹೊಗೆಯಲ್ಲಿ ಹೋದರೂ, ಮೂರು ಕೆಜಿ ಸಾಕು. ಹಸಿ ಜಾಲಿ ಮಾತ್ರ ತುರುಕಬಾರದು. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಬೆಂಕಿ ಮೊದಲು ಆ ನೀರನ್ನು ಕುದಿಸಿ ಆಮೇಲೆ ನಿಮ್ಮ ನೀರಿಗೆ ಬರುತ್ತದೆ. ಚಿಮಣಿಯ ಒಳಗೆ ಡಾಂಬರಿನಂಥ ಕಪ್ಪು ಅಂಟು ಕಟ್ಟಿಕೊಳ್ಳುವುದೂ ಇದರಿಂದಲೇ, ಒಂದು ದಿನ ಆ ಅಂಟಿಗೇ ಬೆಂಕಿ ಹತ್ತುತ್ತದೆ. ಟೈರಿನ ತುಂಡು, ಪ್ಲಾಸ್ಟಿಕ್ ಚೀಲ ಹಾಕುವವರಿಗೆ ಏನು ಹೇಳಲಿ. ಅವರ ಪಕ್ಕದ ಮನೆಯವರೇ ಹೇಳಲಿ.

ಈಗ ನನ್ನ ಮೂರ್ಖತನದ ಕಥೆ. ಬಾಯ್ಲರಿನಿಂದ ಬಿಸಿನೀರು ತಣ್ಣೀರಿನ ಪೈಪಿನಲ್ಲೇ ಹಿಂದಕ್ಕೆ ಏರಿ ಛಾವಣಿಯ ಪ್ಲಾಸ್ಟಿಕ್ ಪೈಪನ್ನು ಮೆತ್ತಗೆ ಮಾಡುತ್ತಿತ್ತು. ನಾನೇ ಪ್ಲಂಬರನಿಗೆ ಹೇಳಿ ಅಲ್ಲಿ ಒಂದು ಎನ್‌ಆರ್‌ವಿ (ನಾನ್-ರಿಟರ್ನ್ ವಾಲ್ವ್) ಹಾಕಿಸಿದೆ. ಅದು ನೀರನ್ನು ಕೆಳಗೆ ಬಿಡುತ್ತದೆ, ಮೇಲೆ ಹೋಗಗೊಡುವುದಿಲ್ಲ. ಅಂದರೆ ಹಿಗ್ಗಿದ ನೀರು ಹಿಂದಿರುಗುವ ಒಂದು ದಾರಿ ಅಂದೇ ಮುಚ್ಚಿತು. ಉಳಿದದ್ದು ಗಾಳಿ ಪೈಪು. ಅದರ ಬಾಯಿಯನ್ನು ಪ್ಲಂಬರ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎರಡೇ ಅಂಗುಲ ಮೇಲೆ ನಿಲ್ಲಿಸಿದ್ದ. ಕಾದ ನೀರು ಹಗುರವಾದ್ದರಿಂದ ಹತ್ತು ಅಡಿ ನೀರಿನ ಕಂಬ ಮೂರು ನಾಲ್ಕು ಅಂಗುಲ ಮೇಲೇಳುತ್ತದೆ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಛಾವಣಿಯ ಮೇಲೆ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಅಲ್ಲೇ ನಮ್ಮ ಮನೆಯವರು ತೊಗರಿ ಬೇಳೆ ಒಣಹಾಕುವುದು. ಎರಡು ಸಲ ಬೇಳೆ ನೆನೆಯಿತು. ನಾನು ಊರಿನಲ್ಲಿ ಇಲ್ಲದಾಗ ಅವರು ಅದೇ ಪ್ಲಂಬರನನ್ನು ಕರೆಸಿದರು. ಅವನು ಪೈಪನ್ನು ಎರಡಡಿ ಎತ್ತರಿಸುವ ಬದಲು ಅದಕ್ಕೊಂದು ವಾಲ್ವ್ ಕೂರಿಸಿ, "ಬೇಳೆ ಇರುವಾಗ ಬಂದ್ ಮಾಡಿ ಅಕ್ಕ" ಎಂದು ಹೇಳಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟವರಿದ್ದರೆ ತಾನೇ ಅವನಿಗೆ ಗೊತ್ತಾಗುವುದು.

ಎಳ್ಳಮಾವಾಸ್ಯೆಯ ದಿನ ಮನೆ ತುಂಬ ನೆಂಟರು, ನಸುಕಿನ ಐದರಿಂದ ಸ್ನಾನದ ಸರದಿ. ಒಂಬತ್ತರ ಹೊತ್ತಿಗೆ ಎಲ್ಲರೂ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ ಕಟ್ಟಿಕೊಂಡು ಹೊಲಕ್ಕೆ ಹೊರಟರು. ಹೊರಡುವಾಗ ನನ್ನ ತಮ್ಮನ ಮಗ, "ದೊಡ್ಡಪ್ಪ, ಬೆಂಕಿ ಆರುತ್ತಿದೆ" ಎಂದು ಒಲೆ ತುಂಬ ಕಟ್ಟಿಗೆ, ಮೇಲೆ ಎರಡು ಕೊರಡು ತುರುಕಿ ಹೋದ. ಅವ್ವನ ಜೊತೆ ನಾನೊಬ್ಬನೇ ಉಳಿದೆ. ಇನ್ನು ಬಿಸಿನೀರು ಬಳಸುವವರು ಯಾರೂ ಇಲ್ಲ. ಅರ್ಧ ಗಂಟೆಯ ಮೇಲೆ ಅವ್ವ, "ಗೋಡೆಯ ಪೈಪು ಬಡಿದುಕೊಳ್ಳುತ್ತಿದೆಯಲ್ಲೋ" ಎಂದರು. ಹಿತ್ತಲಿಗೆ ಬಂದರೆ ಬಾಯ್ಲರ್ ಒಳಗಿನಿಂದ ಗುಂಯ್ ಎನ್ನುತ್ತಿತ್ತು. ಚಪ್ಪಟೆಯಾಗಿದ್ದ ಅದರ ಮೇಲಿನ ತಗಡು ರೊಟ್ಟಿಯ ಹಾಗೆ ಉಬ್ಬಿತ್ತು.

ಸಂಪಾದಕರೇ, ಆ ಸದ್ದು ನನಗೆ ಗೊತ್ತು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯ ಆಸುಪಾಸಿಗೇ ಕುದಿದು ನಿಲ್ಲುತ್ತದೆ. ಮುಚ್ಚಿ ಒತ್ತಡ 3 ಕೆಜಿಗೆ ಏರಿದರೆ 140 ದಾಟಿದರೂ ಕುದಿಯದೆ ಕಾದು ಕೂತಿರುತ್ತದೆ. ಒಂದು ಬೆಸುಗೆ ಬಿಟ್ಟಿತೋ, ಒಂದಿಷ್ಟು ನೀರು ಆ ಕ್ಷಣವೇ ಹಬೆಯಾಗಿ ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತದೆ. ಆಗ ಗೋಡೆಯೂ ಉಳಿಯುವುದಿಲ್ಲ, ಗೋಡೆಯ ಆಚೆ ಮಲಗಿದವರೂ ಉಳಿಯುವುದಿಲ್ಲ. ಮೊದಲು ಅವ್ವನನ್ನು ಎತ್ತಿಕೊಂಡು ಎದುರಿನ ಮನೆಯ ಕಟ್ಟೆಯ ಮೇಲೆ ಕೂರಿಸಿದೆ. ಮರಳಿ ಬಂದು ಉದ್ದ ಹಿಡಿಕೆಯ ಸಲಿಕೆಯಿಂದ ಬೆಂಕಿಯನ್ನು ಹೊರಗೆಳೆದೆ, ನೀರು ಹಾಕಲಿಲ್ಲ, ಮಣ್ಣು ಹಾಕಿದೆ. ಕಾದ ಕಬ್ಬಿಣಕ್ಕೆ ತಣ್ಣೀರು ಎರಚಬಾರದು. ಆಮೇಲೆ ಬಾಯ್ಲರಿನ ಹತ್ತಿರ ಹೋಗದೆ, ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ನಲ್ಲಿ ಹಾವಿನ ಹಾಗೆ ಬುಸುಗುಟ್ಟಿತು. ಬಹಳ ಹೊತ್ತಿನ ಮೇಲೆ ನೀರು ಬಂತು. ಮೇಲೆ ಹೋಗಿ ನೋಡಿದರೆ ತೊಗರಿ ಬೇಳೆ ಬಿಸಿಲಿಗೆ ಹಾಯಾಗಿ ಒಣಗುತ್ತಿತ್ತು. ಪಕ್ಕದಲ್ಲಿ ಬಂದಾದ ವಾಲ್ವ್.

ಕಾರ್ಖಾನೆಯ ಬಾಯ್ಲರನ್ನು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಪರೀಕ್ಷಿಸುತ್ತಾರೆ. ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಪಾತ್ರೆಯನ್ನು ಕಾನೂನು ಬಾಯ್ಲರ್ ಎಂದೇ ಲೆಕ್ಕಿಸುವುದಿಲ್ಲ. ಸರಿಯೇ, ಪ್ರತಿ ಬಚ್ಚಲಿಗೂ ಇನ್‌ಸ್ಪೆಕ್ಟರ್ ಬರಲಾಗುತ್ತದೆಯೇ? ಆದರೆ ಹಿತ್ತಲಿನ ಡಬ್ಬಿ 100 ಡಿಗ್ರಿಯೊಳಗೆ ಇರುವುದು ಅದರ ಬಾಯಿ ತೆರೆದಿರುವ ತನಕ ಮಾತ್ರ. ಬಾಯಿ ಮುಚ್ಚಿದ ಗಳಿಗೆಯಿಂದ ಅದು ಯಾವ ಪರೀಕ್ಷೆಯೂ ಆಗದ ಹಬೆ ಬಾಯ್ಲರ್, ಅದನ್ನು ನೋಡಿಕೊಳ್ಳುವ ಅಟೆಂಡೆಂಟ್ ಹೊಲದಲ್ಲಿ ಭಜ್ಜಿ ಉಣ್ಣುತ್ತಿರುತ್ತಾನೆ.

ಜಿಲ್ಲೆಯ ಐಟಿಐಗಳಲ್ಲಿ ವೆಲ್ಡರ್, ಪ್ಲಂಬರ್ ತರಬೇತಿ ಪಡೆಯುವ ಹುಡುಗರಿಗೆ ಇದನ್ನು ಒಂದು ಮಧ್ಯಾಹ್ನ ಹೇಳಿಕೊಡಲಿ ಎಂಬುದು ನನ್ನ ಬೇಡಿಕೆ. ಗಾಳಿ ಪೈಪು ಮುಕ್ಕಾಲು ಇಂಚಿಗಿಂತ ಸಣ್ಣದಿರಬಾರದು, ಟ್ಯಾಂಕಿಗಿಂತ ಎರಡಡಿಯಾದರೂ ಮೇಲೆ ಹೋಗಿ ಬಾಗಿ ಟ್ಯಾಂಕಿನ ಕಡೆಗೇ ಮುಖ ಮಾಡಿರಬೇಕು, ಅದರ ಮೇಲೆ ವಾಲ್ವ್, ಬಿರಡೆ, ಚಿಂದಿ ಬಟ್ಟೆ ಯಾವುದೂ ಇರಬಾರದು. ಬಾಯ್ಲರಿನ ಹತ್ತಿರದ ಮೊದಲ ಆರಡಿ ಪೈಪು ಕಬ್ಬಿಣದ್ದೇ ಆಗಿರಲಿ. ವೆಲ್ಡಿಂಗ್ ಅಂಗಡಿಯವರು ಡಬ್ಬಿಯ ಮೇಲೆ ತಮ್ಮ ಮೊಬೈಲ್ ನಂಬರನ್ನು ಕೆಂಪು ಬಣ್ಣದಲ್ಲಿ ಬರೆಯುತ್ತಾರಲ್ಲ, ಅದರ ಕೆಳಗೆ "ಮೇಲಿನ ಪೈಪು ಮುಚ್ಚಬೇಡಿ" ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ, ಮರಾಠಿಯಲ್ಲಿ ಬರೆಯಲು ಇನ್ನೊಂದು ಚಮಚ ಬಣ್ಣ ಸಾಕು.

ನನ್ನ ಬಾಯ್ಲರಿಗೆ ಹೊಸ ಮೇಲ್ತಗಡು ಬಿದ್ದಿದೆ. ಎನ್‌ಆರ್‌ವಿ ತೆಗೆದು, ಮೆತ್ತಗಾಗುತ್ತಿದ್ದ ಪ್ಲಾಸ್ಟಿಕ್ಕಿನ ಜಾಗದಲ್ಲಿ ಕಬ್ಬಿಣದ ಪೈಪು ಹಾಕಿಸಿದ್ದೇನೆ. ಗಾಳಿ ಪೈಪು ಎತ್ತರವಾಗಿದೆ, ಈಗ ಒಂದು ಹನಿಯೂ ಬೀಳುವುದಿಲ್ಲ. ಆದರೂ ನಮ್ಮ ಮನೆಯವರು ಬೇಳೆಯನ್ನು ಛಾವಣಿಯ ಇನ್ನೊಂದು ತುದಿಯಲ್ಲಿ ಒಣಹಾಕುತ್ತಾರೆ. ಅಂಗಡಿಯವರು, ಪ್ಲಂಬರುಗಳು ಯಾರಾದರೂ ನೋಡಬೇಕೆಂದರೆ ಬರಲಿ. ಬೆಳಿಗ್ಗೆ ಆರರ ಒಳಗೆ ಬಂದರೆ ಬೆಂಕಿ ಹಚ್ಚುವುದರಿಂದ ತೋರಿಸುತ್ತೇನೆ, ಚಹಾ ನಮ್ಮದೇ.

ಇಂತಿ,
ಒಬ್ಬ ನಿವೃತ್ತ ಬಾಯ್ಲರ್ ಅಟೆಂಡೆಂಟ್
ಹುಮನಾಬಾದ್, ಬೀದರ್ ಜಿಲ್ಲೆ