ಗೆಳೆಯನಿಗೊಂದು ಪತ್ರ: ಸೀಟಿ ತರೋದು ಮರೀಬೇಡ

ರೈಲ್ವೆ ಗಾರ್ಡ್ ಸಾಹೇಬರಿಗೆ ನಮಸ್ಕಾರ,

ನಮ್ಮೂರ ಲೈಬ್ರರಿಯ ಕಾರ್ಯಕ್ರಮಕ್ಕೆ ಬಾ ಅಂದಾಗ ಮೊನ್ನೆ ಫೋನಿನಲ್ಲಿ ನೀನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. “ಲೈಬ್ರರೀಲಿ ಎಂಥ ಕಾರ್ಯಕ್ರಮನೋ? ಪೇಪರ್ ಓದಿ ಎದ್ದು ಬರೋ ಜಾಗ ಅದು” ಅಂದೆ. ನಿನ್ನದೇನೂ ತಪ್ಪಿಲ್ಲ. ನೀನು ಊರು ಬಿಟ್ಟಾಗ ಇದ್ದ ಲೈಬ್ರರಿಯೇ ನಿನ್ನ ತಲೆಯಲ್ಲಿ ಕೂತಿದೆ. ಸಂತೆ ಮೈದಾನದ ಪಕ್ಕದ ಒಂದು ಕೋಣೆ, ಕಾಲು ಅಲ್ಲಾಡುವ ಉದ್ದನೆಯ ಮೇಜು, ಗಾಜಿನ ಬೀರು, ಬೀರುವಿಗೆ ಬೀಗ. ಆ ಬೀಗದ ಕೈ ಯಾರ ಜೇಬಿನಲ್ಲಿದೆ ಅಂತ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ಪುಸ್ತಕಗಳ ಬೆನ್ನು ಓದುತ್ತಿದ್ದೆವು. ಬೆನ್ನಿನ ಮೇಲಿನ ಹೆಸರು ನೋಡಿಯೇ ನೀನು ಒಳಗಿನ ಕಥೆ ಕಟ್ಟಿ ಹೇಳುತ್ತಿದ್ದೆ, ನಾನು ಬಾಯಿ ಬಿಟ್ಟುಕೊಂಡು ನಂಬುತ್ತಿದ್ದೆ. ಅದರಲ್ಲಿ ಒಂದನ್ನು ಹೋದ ವರ್ಷ ತೆಗೆದುಕೊಂಡು ಬಂದು ಓದಿದೆ. ನಿನ್ನ ಕಥೆಯೇ ಚೆನ್ನಾಗಿತ್ತು ಕಣೋ.

ಬ್ಯಾಂಕಿನಿಂದ ರಿಟೈರಾಗಿ ಊರಿಗೆ ಬಂದ ಮೊದಲ ವರ್ಷ ನಾನೂ ಆ ಕಡೆ ತಲೆ ಹಾಕಿರಲಿಲ್ಲ. ಒಂದು ದಿನ ಪಂಚಾಯ್ತಿಯಲ್ಲಿ ಮನೆ ಕಂದಾಯ ಕಟ್ಟಿ ರಸೀದಿ ಈಸಿಕೊಂಡೆ. ಗುಮಾಸ್ತಿಕೆ ಮಾಡಿದ ಕಣ್ಣು, ಸಾಲು ಸಾಲು ಓದದೆ ಕಾಗದ ಮಡಿಸುವುದಿಲ್ಲ. ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ನೂರು ರೂಪಾಯಿ ಕಂದಾಯಕ್ಕೆ ಗ್ರಂಥಾಲಯದ ಪಾಲು 6, ಭಿಕ್ಷುಕರದ್ದು 3. ಸದ್ಯ, ಭಿಕ್ಷೆಗಿಂತ ಎರಡರಷ್ಟು ಮರ್ಯಾದೆ ಪುಸ್ತಕಕ್ಕಿದೆ ಅಂದುಕೊಂಡೆ. ಗ್ರಂಥಾಲಯ ಕರ ಅನ್ನುವುದು 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅಂದರೆ ನಮ್ಮಪ್ಪನೂ ಕಟ್ಟಿದ್ದಾರೆ, ನಿಮ್ಮಪ್ಪನೂ ಕಟ್ಟಿದ್ದಾರೆ, ಅವರ ಮಕ್ಕಳು ಮಾತ್ರ ಗಾಜಿನ ಆಚೆ. ಆಗಿದ್ದಾಗಲಿ, ದುಡ್ಡು ಕೊಟ್ಟಿದ್ದೀನಲ್ಲ, ಒಳಗೆ ಹೋಗಿ ನೋಡೇಬಿಡೋಣ ಅಂತ ಹೋದೆ.

ಬೋರ್ಡು ಬದಲಾಗಿತ್ತು. ಈಗ ಅದು ‘ಅರಿವು ಕೇಂದ್ರ’. 2019ರಲ್ಲಿ ಹಳ್ಳಿಗಳ ಲೈಬ್ರರಿಗಳನ್ನೆಲ್ಲ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಮರುವರ್ಷ ಕೊರೊನಾ. ಸ್ಕೂಲುಗಳು ಮುಚ್ಚಿದ್ದ ಆ ಕಾಲದಲ್ಲಿ, 2020ರ ನವೆಂಬರ್ 14ಕ್ಕೆ, ‘ಓದುವ ಬೆಳಕು’ ಅಂತ ಶುರುಮಾಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವ ಕೊಟ್ಟರು. ಸರ್ಕಾರದ ಎಷ್ಟೋ ಯೋಜನೆಗಳ ಹೆಸರು ಗೋಡೆ ಮೇಲೆ ಬರೆಸಿದ ಬಣ್ಣದ ಜೊತೆಗೇ ಉದುರಿಹೋಗುತ್ತವೆ. ಇದು ನಮ್ಮೂರಲ್ಲಿ ಉದುರಲಿಲ್ಲ. ಕಾರಣ ಮೇಲ್ವಿಚಾರಕಿ. ಮಕ್ಕಳ ಬಾಯಲ್ಲಿ ಆಕೆ ‘ಲೈಬ್ರರಿ ಮಿಸ್’. ಪಕ್ಕದ ಹಳ್ಳಿಯಿಂದ ಸ್ಕೂಟಿಯಲ್ಲಿ ಬರುತ್ತಾರೆ. ಕೊಡುವ ಗೌರವಧನ ಎಷ್ಟು ಅಂತ ಕೇಳಬೇಡ, ಗೌರವವೂ ಕಡಿಮೆ, ಧನವೂ ಕಡಿಮೆ. ಆಕೆ ಕೆಲಸಕ್ಕೆ ಸೇರಿದ ಮೊದಲ ದಿನ ಮಾಡಿದ್ದು ಒಂದೇ: ಬೀರುವಿನ ಬಾಗಿಲನ್ನೇ ಕಳಚಿ ಹಿಂದಿನ ಗೋಡೆಗೆ ಒರಗಿಸಿಟ್ಟರು.

ನೀನು ‘ಕಾರ್ಯಕ್ರಮ’ ಅಂದಾಗ ನಿನ್ನ ಕಣ್ಣ ಮುಂದೆ ಬಂದದ್ದು ಏನು ಅಂತಲೂ ನನಗೆ ಗೊತ್ತು. ಶಾಮಿಯಾನ, ಮೈಕು, ಹಲೋ ಹಲೋ ಚೆಕ್, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಹಚ್ಚುವಾಗ ಗಾಳಿ, ಶಾಲು, ಹಾರ, ವಂದನಾರ್ಪಣೆ. ಅದನ್ನೂ ನೋಡಿದೆ. ನಾನು ಹೋಗೋಕೆ ಶುರುಮಾಡಿದ ವರ್ಷ ಗ್ರಂಥಾಲಯ ಸಪ್ತಾಹಕ್ಕೆ ದೊಡ್ಡವರೊಬ್ಬರನ್ನು ಕರೆಸಿದ್ದರು. ಎರಡು ಗಂಟೆ ತಡ. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಬಂದವರು ಓದಿನ ಮಹತ್ವದ ಬಗ್ಗೆ ನಲವತ್ತು ನಿಮಿಷ ಮಾತಾಡಿ, ಕಾಣಿಕೆ ಕೊಟ್ಟ ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ಕಾರು ಹತ್ತಿದರು. ಮಿಸ್ ಆ ಪುಸ್ತಕವನ್ನು ಒರೆಸಿ, ನಂಬರು ಹಾಕಿ ಕಪಾಟಿಗೆ ಸೇರಿಸಿದರು. ಆವತ್ತು ಲೈಬ್ರರಿಗೆ ಆದ ಲಾಭ ಆ ಒಂದು ಪುಸ್ತಕ.

ನಾನು ಹೇಳುತ್ತಿರುವುದು ಇಂಥದ್ದಲ್ಲ. ವಾರ ವಾರ ನಡೆಯುವ, ಫೋಟೋ ತೆಗೆಯೋಕೂ ಏನೂ ಇಲ್ಲದಂಥ ಸಣ್ಣ ಸಣ್ಣ ಸಂಗತಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಮಕ್ಕಳು ಬರುತ್ತವೆ. ಮಿಸ್ ಒಂದು ಕಥೆ ಗಟ್ಟಿಯಾಗಿ ಓದುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದರ್ಧ ಬೇಕಾದರೆ ಪುಸ್ತಕ ಮನೆಗೆ ಒಯ್ಯಬೇಕು. ಒಯ್ಯುವಾಗ ಅಮ್ಮನಿಗೂ ಒಂದು ಒಯ್ಯಬೇಕು. ಓದು ಬಾರದ ಅಮ್ಮನಿದ್ದರೆ? ನಾನೂ ಹಾಗೇ ಕೇಳಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ವಾಪಸು ತಂದಾಗ ಉತ್ತರ ಸಿಕ್ಕಿತು. ಹಾಳೆ ಹಾಳೆಗೂ ಕಂದು ಹೆಬ್ಬೆಟ್ಟು, ಮೂಸಿದರೆ ಹುಣಸೆಹಣ್ಣು. ಅವಳಮ್ಮ ಕೂಲಿಗೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾಳೆ. ಇವಳು ಎದುರು ಕೂತು ಓದುತ್ತಾಳೆ, ಮಧ್ಯೆ ಮಧ್ಯೆ ಇವಳೂ ನಾಲ್ಕು ಹಣ್ಣು ಬಿಡಿಸುತ್ತಾಳೆ. “ಅಮ್ಮ ಈ ಕಥೆ ಸುಳ್ಳು ಅಂದ್ಳು ಮಿಸ್, ಅಳಿಯ ಯಾವತ್ತೂ ಹಂಗೆ ಬುದ್ಧಿ ಕಲಿಯಲ್ವಂತೆ” ಅಂತ ವರದಿ ಬೇರೆ. ನಾನಾಗಿದ್ದರೆ ಪುಸ್ತಕ ಕೊಳೆ ಮಾಡಿದ್ದಕ್ಕೆ ಗದರಿಸಿಬಿಡುತ್ತಿದ್ದೆನೇನೋ. ಮಿಸ್ ಇನ್ನೊಂದು ಕೊಟ್ಟು ಕಳಿಸಿದರು.

ನನಗೂ ಒಂದು ಕೆಲಸ ಅಂಟಿಸಿದ್ದಾರೆ. ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಕಿಟಕಿ ಪಕ್ಕದ ಮೇಜು ನನ್ನದು. ಕಾಗದ ಓದಿ ಹೇಳುವುದು. ಬ್ಯಾಂಕಿನಿಂದ ಬಂದದ್ದು, ಕಂದಾಯ ಕಚೇರಿಯಿಂದ ಬಂದದ್ದು, ಕರೆಂಟ್ ಬಿಲ್ಲು, ಪಿಂಚಣಿ ಆದೇಶ. ಅರ್ಜಿ ಬರೆದುಕೊಡುವುದೂ ಉಂಟು. ಮೊದಲ ಎರಡು ವಾರ ಒಬ್ಬರೂ ಬರಲಿಲ್ಲ, ನಾನು ಪೇಪರಿನ ಪದಬಂಧ ಬಿಡಿಸಿ ಎದ್ದು ಬಂದೆ. ಮೂರನೇ ವಾರ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ನಾಲ್ಕಾಗಿ ಮಡಿಸಿದ್ದ ಕವರು ಕೊಟ್ಟರು. ಬಂದು ಒಂದು ತಿಂಗಳಾಗಿತ್ತಂತೆ. ತೋಟ ಹರಾಜಿಗೆ ಬಂತು ಅಂತ ಅವರ ಎಣಿಕೆ. ಮಗನಿಗೆ ಹೇಳಿದರೆ ಗಾಬರಿಯಾಗುತ್ತಾನೆ, ಪಕ್ಕದ ಮನೆಯವರಿಗೆ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ತಿಂಗಳಿಡೀ ಸರಿಯಾಗಿ ನಿದ್ದೆ ಇಲ್ಲ. ಬಿಡಿಸಿ ನೋಡಿದರೆ ಏನಿತ್ತು ಅಂತೀಯ? ಖಾತೆಗೆ ಕೆವೈಸಿ ಮಾಡಿಸಿ, ಆಧಾರ್ ಜೆರಾಕ್ಸ್ ತನ್ನಿ ಅಂತ. ಅಷ್ಟೇ. ಅದೂ ಇಂಗ್ಲಿಷಿನಲ್ಲಿ. ಮೂವತ್ತೈದು ವರ್ಷ ಇಂಥವೇ ಕಾಗದಗಳಿಗೆ ಮೊಹರು ಹೊಡೆದು ಕಳಿಸಿದವನು ನಾನು ಕಣೋ. ಅವು ಹೋಗಿ ಯಾರ ಸೆರಗಿನಲ್ಲಿ ಗಂಟಾಗುತ್ತವೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ಬುಧವಾರ ತಪ್ಪಿಸುವುದಿಲ್ಲ. ಹೆಂಡತಿಯ ತಂಗಿಯ ಮಗನ ನಿಶ್ಚಿತಾರ್ಥಕ್ಕೂ ತಡವಾಗಿ ಹೋಗಿ ಬೈಸಿಕೊಂಡೆ.

ಎಲ್ಲಾ ಸರಿಯಾಗಿದೆ ಅಂದುಕೊಳ್ಳಬೇಡ. ಮಳೆ ಬಂದರೆ ಮಕ್ಕಳ ಕಪಾಟಿನ ಮೇಲೆ ಟಾರ್ಪಲ್ ಹೊದಿಸಬೇಕು. ಕಂಪ್ಯೂಟರ್ ಇದೆ, ಕರೆಂಟ್ ಇದ್ದಾಗ ನೆಟ್ ಇರುವುದಿಲ್ಲ, ನೆಟ್ ಇದ್ದಾಗ ಕರೆಂಟ್. ಶೌಚಾಲಯ ಇಲ್ಲ. ಇದನ್ನು ಗಂಡಸರು ಯಾರೂ ಒಂದು ಕೊರತೆ ಅಂತ ಎಣಿಸಿರಲಿಲ್ಲ. ಹೈಸ್ಕೂಲ್ ಹುಡುಗಿಯರು ನಾಲ್ಕೂವರೆಗೇ ಏಕೆ ಎದ್ದು ಹೋಗುತ್ತಾರೆ ಅಂತ ಮಿಸ್ ಬಿಡಿಸಿ ಹೇಳಿದ ಮೇಲೆ ನಾಚಿಕೆಯಾಯಿತು. ಅರ್ಜಿ ಕೊಟ್ಟಿದ್ದೇವೆ. ಬರೆದವನು ನಾನೇ, ಮೂರು ಸಲ.

ಇನ್ನು ಜಗಳ. ಲೈಬ್ರರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ನೆಚ್ಚಿಕೊಂಡಿರುವವರು ಏಳೆಂಟು ಹುಡುಗರು. ಗ್ರೂಪ್ ಸಿ, ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಯಾವುದಕ್ಕೆ ಕರೆದರೂ ಅರ್ಜಿ ಹಾಕಿ ಓದುವವರು. ಡಿಗ್ರಿ ಮುಗಿದು ಮೂರು ವರ್ಷ, ನಾಲ್ಕು ವರ್ಷ ಆಗಿದೆ. ಮನೆಯಲ್ಲಿ ಕೂತರೆ “ಇನ್ನೂ ಎಷ್ಟು ದಿನ ಓದ್ತೀಯ” ಅನ್ನುತ್ತಾರೆ, ಅದಕ್ಕೆ ಇಲ್ಲಿ ಕೂರುತ್ತಾರೆ. ಶನಿವಾರದ ಗಲಾಟೆ ಅವರಿಗೆ ಆಗದು. ಕಥೆಯಲ್ಲಿ ಹುಲಿ ಬಂದರೆ ಮೂವತ್ತು ಮಕ್ಕಳೂ ಹುಲಿಯಾಗುತ್ತವಲ್ಲ! “ಇದು ಲೈಬ್ರರಿನೋ ಅಂಗನವಾಡಿನೋ” ಅಂತ ಒಬ್ಬ ಎದ್ದು ಪಂಚಾಯ್ತಿಗೆ ದೂರು ಬರೆದುಕೊಟ್ಟ. ದೂರಿನ ಭಾಷೆ ಅಚ್ಚುಕಟ್ಟಾಗಿತ್ತು, ಪರೀಕ್ಷೆಯಲ್ಲಿ ಪತ್ರಲೇಖನ ಬಂದರೆ ಪೂರ್ತಿ ಅಂಕ. ನನಗೆ ನಿಜವಾಗಿಯೂ ಯಾರ ಪರ ನಿಲ್ಲಬೇಕೋ ತಿಳಿಯಲಿಲ್ಲ. ಆ ಹುಡುಗರಿಗೆ ವಯಸ್ಸಿನ ಮಿತಿ ಹತ್ತಿರ ಬರುತ್ತಿದೆ, ಮಕ್ಕಳಿಗೆ ಶನಿವಾರ ಬಿಟ್ಟರೆ ಬೇರೆ ದಿನವಿಲ್ಲ. ಕಡೆಗೆ ಮಕ್ಕಳು ಹೊರಗಿನ ಹೊಂಗೆ ಮರದ ಕೆಳಗೆ, ಹುಡುಗರು ಒಳಗೆ ಅಂತಾಯಿತು. ಮಳೆ ಬಂದ ಶನಿವಾರ ಮಾತ್ರ ಹುಡುಗರು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಸಿಡುಕುತ್ತಾರೆ. ರಾಜಿ ಅಂದರೆ ಇಷ್ಟೇ, ಇಬ್ಬರಿಗೂ ಅರ್ಧ ಬೇಜಾರು.

ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ರಂಗನಾಥನ್ ಅವರ ಫೋಟೋಗೆ ಹೂವಿಟ್ಟಾಗ ಒಂದು ಪುಟ್ಟ ಮಗು “ಇವರು ಯಾರ ತಾತ?” ಅಂತ ಕೇಳಿತು. ಎಸ್. ಆರ್. ರಂಗನಾಥನ್, ಲೆಕ್ಕದ ಮೇಷ್ಟ್ರಾಗಿದ್ದವರು ಗ್ರಂಥಪಾಲಕರಾದರು. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, ತೀರಿಕೊಂಡದ್ದು 1972ರಲ್ಲಿ. ಅವರು ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರದೊಂದು ಓದುಗ ಇರುತ್ತಾನೆ ಅನ್ನುವುದು. ನಮ್ಮಲ್ಲಿ ಮೊಲ ಸಾಕಾಣಿಕೆಯ ಒಂದು ಪುಸ್ತಕ ವರ್ಷಗಟ್ಟಲೆ ಯಾರ ಕೈಗೂ ಹೋಗದೆ ಕೂತಿತ್ತು. ಈಗ ಐದನೇ ಕ್ಲಾಸಿನ ಒಬ್ಬ ಅದನ್ನು ನಾಲ್ಕನೇ ಸಲ ಒಯ್ದಿದ್ದಾನೆ. ಮೊಲ ಇಲ್ಲ ಅವನ ಹತ್ತಿರ. ಅಪ್ಪನನ್ನು ಒಪ್ಪಿಸುವ ಪ್ರಯತ್ನ ನಡೆದಿದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ತಿಂಗಳ ಎರಡನೇ ಶನಿವಾರ ಊರಿನವರೇ ಒಬ್ಬರು ಬಂದು ತಮ್ಮ ಕಸುಬು ತೋರಿಸಬೇಕು. ಭಾಷಣ ಕೂಡದು, ಸಾಮಾನು ತರಬೇಕು. ಇದು ಮಿಸ್ ಮಾಡಿದ ಕಾನೂನು. ಮೊದಲು ಬಂದದ್ದು ಲೈನ್‌ಮನ್. ಕಟಿಂಗ್ ಪ್ಲೇಯರ್, ಟೆಸ್ಟರ್, ರಬ್ಬರ್ ಗ್ಲೌಸು ಎಲ್ಲಾ ಹರಡಿದ. ತಂತಿ ಮೇಲೆ ಕೂತ ಹಕ್ಕಿಗೆ ಯಾಕೆ ಶಾಕ್ ಹೊಡೆಯಲ್ಲ ಅಂತ ಮಕ್ಕಳು ಕೇಳಿದವು. ಅದು ಒಂದೇ ತಂತಿ ಹಿಡಿದಿರುತ್ತೆ, ನೆಲವನ್ನೂ ಮುಟ್ಟಿರಲ್ಲ; ಬಾವಲಿಗೆ ರೆಕ್ಕೆ ಅಗಲ, ಪಕ್ಕದ ತಂತಿಗೂ ತಗುಲುತ್ತೆ, ಅದಕ್ಕೇ ಬಾವಲಿ ಸತ್ತು ನೇತಾಡೋದು ಅಂದ. ಅರವತ್ತು ವರ್ಷ ಆ ಬಾವಲಿಗಳನ್ನು ನೋಡಿದ್ದೇನೆ, ಕಾರಣ ಗೊತ್ತಾದದ್ದು ಆವತ್ತು.

ಆಮೇಲೆ ಒಂದು ಸಲ ಹಿಂದಿನ ಬೀದಿಯ ಸೂಲಗಿತ್ತಿ ಅಜ್ಜಿ ಬಂದಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ನಮ್ಮ ಪರೀಕ್ಷೆ ಹುಡುಗರಿಗೆಲ್ಲ ಬಾಯಿಪಾಠ. ಅದೇ ಕಸುಬಿನವರು ಇದೇ ಊರಲ್ಲಿ ಇದ್ದಾರೆ ಅನ್ನುವುದು ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಆವತ್ತು ಮಳೆ, ಎಲ್ಲರೂ ಒಳಗೇ. ದೂರು ಬರೆದಿದ್ದ ಹುಡುಗ ಇಯರ್‌ಫೋನ್ ಹಾಕಿಕೊಂಡು ಮೂಲೆಯಲ್ಲಿದ್ದ. ಅಜ್ಜಿ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿ, “ನೀನು ತೆಂಗಿನಕಾಯಿ ಮಂಡಿಯವರ ಮೊಮ್ಮಗ ಅಲ್ವೇನಪ್ಪ? ನಿನ್ನ ಹೊಕ್ಕುಳಬಳ್ಳಿ ಕೊಯ್ದೋಳು ನಾನೇ. ಕಾಲು ಮುಂದಾಗಿ ಬಂದಿದ್ದೆ, ಆವತ್ತೂ ಹಿಂಗೇ ಮುಖ ಗಂಟು ಹಾಕ್ಕೊಂಡಿದ್ದೆ” ಅಂದರು. ಲೈಬ್ರರಿಯಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ. ಅವನಿಗೂ ತಡೆಯಲಾಗಲಿಲ್ಲ. ಪುಣ್ಯಾತ್ಮ ಮುಂದಿನ ಶನಿವಾರ ಮತ್ತೆ ಇಯರ್‌ಫೋನ್ ಹಾಕಿಕೊಂಡೇ ಕೂತಿದ್ದ, ಅದು ಬೇರೆ ಮಾತು.

ನೀನೇ ಒಮ್ಮೆ ಹೇಳಿದ್ದೆ, ಮುಂಬೈಯ ಮಾಟುಂಗದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ನಿಗೆ ಹೋಗುತ್ತಿದ್ದದ್ದು ಪುಸ್ತಕಕ್ಕಲ್ಲ, ನಾಲ್ಕು ಜನರ ಜೊತೆ ಕನ್ನಡ ಮಾತಾಡೋಕೆ ಅಂತ. 1926ರಿಂದ ಅದು ಉಳಿದುಕೊಂಡಿರುವುದು ನಿನ್ನಂಥವರಿಂದಲೇ ಇರಬೇಕು. ಮತ್ತೆ ಇಲ್ಲಿಯದಕ್ಕೆ ಯಾಕೆ ನಗುತ್ತೀಯ?

ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಈ ಸಲ ಶಾಮಿಯಾನ ಬೇಡ ಅಂತ ನಾನೂ ಮಿಸ್ಸೂ ಹಟ ಹಿಡಿದು ಗೆದ್ದಿದ್ದೇವೆ. ಆ ವಾರದ ಶನಿವಾರ ನಿನ್ನದು. ನಿನ್ನ ಪರವಾಗಿ ನಾನೇ ಒಪ್ಪಿಕೊಂಡಾಗಿದೆ. 2022ರಲ್ಲಿ ನಿಮ್ಮ ಇಲಾಖೆ ಗಾರ್ಡುಗಳನ್ನೆಲ್ಲ ‘ಟ್ರೈನ್ ಮ್ಯಾನೇಜರ್’ ಮಾಡಿತಲ್ಲ, ಆ ಹೆಸರು ಇಲ್ಲಿ ಬೇಡ, ಮಕ್ಕಳಿಗೆ ಬ್ಯಾಂಕ್ ಮ್ಯಾನೇಜರ್ ನೆನಪಾಗಿ ಭಯ ಬೀಳುತ್ತವೆ. ಗಾರ್ಡ್ ಅಂತಲೇ ಹಾಕಿಸಿದ್ದೇನೆ. ಹಸಿರು ಬಾವುಟ, ಕೆಂಪು ಬಾವುಟ ತಾ. ರಾತ್ರಿ ಘಾಟಿನಲ್ಲಿ ಗೂಡ್ಸ್ ಗಾಡಿ ನಿಂತುಬಿಟ್ಟಾಗ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತಿದ್ದ ಕಥೆ ಇದೆಯಲ್ಲ, ಅದನ್ನು ಹೇಳು. ಅರ್ಧಕ್ಕೆ ನಿಲ್ಲಿಸಬೇಡ, ಅದರ ಪುಸ್ತಕ ನಮ್ಮಲ್ಲಿಲ್ಲ. ಅರಸೀಕೆರೆಯಲ್ಲಿ ಇಳಿ, ಯಾವ ಗಾಡಿ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತೇನೆ.

ಸೀಟಿ ಮರೀಬೇಡ. ಮಕ್ಕಳು ಅದೊಂದನ್ನೇ ನಾಲ್ಕು ಸಲ ಕೇಳಿವೆ. ಆದರೆ ಊದೋದು ಹೊಂಗೆ ಮರದ ಕೆಳಗೆ ಮಾತ್ರ. ಒಳಗೆ ಹುಡುಗರು ಓದ್ತಿರ್ತಾರೆ.

ಇಂತಿ ನಿನ್ನ,
ಬುಧವಾರದ ಗುಮಾಸ್ತ