ಶಾಲೆಯ ಲೆಕ್ಕ ನೋಡುವ ಕೆಲಸಕ್ಕೆ ವೃತ್ತಿಯ ಮಾನ್ಯತೆ ಬೇಕು

ಮಾನ್ಯ ಸಂಪಾದಕರೇ,

ಸಾರ್ವಜನಿಕ ಶಾಲೆಗಳ ಬಗ್ಗೆ ಮಾತು ಬಂದಾಗ ಪಠ್ಯಕ್ರಮ, ಪರೀಕ್ಷೆ, ಶಿಕ್ಷಕರ ಕೊರತೆ, ಕಟ್ಟಡಗಳ ಸ್ಥಿತಿ ಮುಂತಾದವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಚರ್ಚೆಯಾಗುತ್ತವೆ. ಶಾಲೆಗೆ ಬಂದ ಹಣವನ್ನು ಯೋಜಿಸುವವರು, ಖರೀದಿಯ ಒಪ್ಪಂದಗಳನ್ನು ಓದಿ ಸಹಿಗೆ ಇಡುವವರು, ಬೋಧಕೇತರ ಸಿಬ್ಬಂದಿಯ ವೇತನ ಮತ್ತು ರಜೆಯ ಲೆಕ್ಕ ಇಡುವವರು, ಸೋರುವ ಚಾವಣಿಯನ್ನು ಈ ವರ್ಷವೇ ದುರಸ್ತಿ ಮಾಡಿಸಬೇಕೇ ಅಥವಾ ಮುಂದಿನ ವರ್ಷಕ್ಕೆ ತಳ್ಳಬಹುದೇ ಎಂದು ಲೆಕ್ಕ ಹಾಕಿ ಹೇಳುವವರು ಯಾರು, ಅವರಿಗೆ ಆ ಕೆಲಸದ ತರಬೇತಿ ಇದೆಯೇ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಶಾಲಾ ವ್ಯವಹಾರ ವ್ಯವಸ್ಥಾಪಕರ ಈ ಕೆಲಸವನ್ನು ಒಂದು ಪ್ರತ್ಯೇಕ ವೃತ್ತಿಯೆಂದು ಗುರುತಿಸಿ, ಅದಕ್ಕೆ ತಕ್ಕ ಅರ್ಹತೆ, ತರಬೇತಿ, ವೇತನ ಮತ್ತು ಸ್ಥಾನಮಾನ ಕೊಡಬೇಕೆಂದು ವಾದಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಲವು ವರ್ಷ ಒಂದು ಸಾರ್ವಜನಿಕ ಶಾಲೆಯ ಮುಖ್ಯ ಶಿಕ್ಷಕನಾಗಿದ್ದವನು. ಗಣಿತವನ್ನು ಚೆನ್ನಾಗಿ ಕಲಿಸುತ್ತಾನೆ ಎಂಬ ಕಾರಣಕ್ಕೆ ನನ್ನನ್ನು ಆ ಹುದ್ದೆಗೆ ಆರಿಸಿದ್ದರು. ಅಧಿಕಾರ ವಹಿಸಿಕೊಂಡ ದಿನ ಕೈಗೆ ಬಂದದ್ದು ಬೀರುವಿನ ಬೀಗದ ಕೈ, ನಗದು ಪುಸ್ತಕ, ದಾಸ್ತಾನು ವಹಿ ಮತ್ತು ಉತ್ತರ ಬರೆಯದೆ ಉಳಿದಿದ್ದ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳ ಕಡತ. ಮುಂದಿನ ವರ್ಷಗಳಲ್ಲಿ ನನ್ನನ್ನು ಕಾಪಾಡಿದವರು ಕಚೇರಿಯಲ್ಲಿದ್ದ ಹಿರಿಯ ಸಹಾಯಕಿ. ಬೆರಳಚ್ಚು ಮಾಡಲೆಂದು ಕೆಲಸಕ್ಕೆ ಸೇರಿದ್ದ ಅವರು ಕಾಲಕ್ರಮದಲ್ಲಿ ಬಜೆಟ್, ಖರೀದಿ, ವಿಮೆ, ಕಟ್ಟಡ ದುರಸ್ತಿ, ಸಿಬ್ಬಂದಿಯ ಸೇವಾ ದಾಖಲೆಗಳನ್ನೆಲ್ಲ ನೋಡಿಕೊಳ್ಳುವಂತಾಗಿದ್ದರು. ಹುದ್ದೆಯ ಹೆಸರಾಗಲಿ ಸಂಬಳವಾಗಲಿ ಬದಲಾಗಿರಲಿಲ್ಲ. ಅವರು ನಿವೃತ್ತರಾದ ಮರುವರ್ಷ, ಗುತ್ತಿಗೆದಾರರ ಖಾತರಿಯ ಅವಧಿ ಇನ್ನೂ ಮುಗಿಯದಿದ್ದ ಒಂದು ದುರಸ್ತಿಗೆ ನಾವು ಎರಡನೆಯ ಬಾರಿ ಹಣ ಕೊಟ್ಟೆವು. ನಕಲು ಯಂತ್ರದ ಗುತ್ತಿಗೆಯನ್ನು ಮುಂದುವರಿಸುವುದು ಬೇಡವೆಂದು ಮೂರು ತಿಂಗಳು ಮೊದಲೇ ಬರೆದು ತಿಳಿಸಬೇಕೆಂಬ ಷರತ್ತನ್ನು ಯಾರೂ ಓದದೆ, ಬೇಡವಾದ ಯಂತ್ರಕ್ಕೆ ಮತ್ತೆ ಕೆಲವು ವರ್ಷ ಬಾಡಿಗೆ ಕಟ್ಟಿದೆವು. ಆ ಕಾಗದಗಳ ಮೇಲಿದ್ದ ಸಹಿ ನನ್ನದೇ. ಅಪ್ರಾಮಾಣಿಕತೆ ಎಲ್ಲಿಯೂ ಇರಲಿಲ್ಲ, ಆದರೆ ಮಕ್ಕಳ ಗ್ರಂಥಾಲಯಕ್ಕೆ ಹೋಗಬೇಕಿದ್ದ ಹಣ ಅಷ್ಟರಮಟ್ಟಿಗೆ ಹೋಗಿತ್ತು.

ಈ ವಿಷಯದಲ್ಲಿ ಸಾಮಾನ್ಯವಾಗಿ ಮುಂದಿಡುವ ವಾದ ಸಮಯದ್ದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ಹಲವು ದೇಶಗಳಲ್ಲಿ ನಡೆಸಿದ 2013ರ ಸಮೀಕ್ಷೆಯ ಪ್ರಕಾರ, ಶಾಲಾ ಮುಖ್ಯಸ್ಥರ ಸಮಯದಲ್ಲಿ ಸರಾಸರಿ ಶೇ 41ರಷ್ಟು ಆಡಳಿತ ಮತ್ತು ನಾಯಕತ್ವದ ಕೆಲಸ ಹಾಗೂ ಸಭೆಗಳಿಗೆ ಹೋಗುತ್ತಿತ್ತು. ಪಠ್ಯಕ್ರಮ ಮತ್ತು ಬೋಧನೆಗೆ ಸಂಬಂಧಿಸಿದ ಕೆಲಸಕ್ಕೆ ಉಳಿಯುತ್ತಿದ್ದದ್ದು ಶೇ 21 ಮಾತ್ರ. ಮುಖ್ಯ ಶಿಕ್ಷಕರು ತರಗತಿಗಳ ಕಡೆಗೆ ಮರಳಬೇಕಾದರೆ ಕಚೇರಿಯ ಹೊರೆಯನ್ನು ಬೇರೆಯವರು ಹೊರಬೇಕೆಂಬುದು ಸರಿಯಾದ ಮಾತೇ. ಆದರೆ ವಾದವನ್ನು ಇಲ್ಲಿಗೇ ನಿಲ್ಲಿಸಿದರೆ ವ್ಯವಸ್ಥಾಪಕರು ಇನ್ನೊಬ್ಬರ ಹೊರೆ ಇಳಿಸುವ ಸಹಾಯಕರಾಗಿಯೇ ಉಳಿಯುತ್ತಾರೆ. ಹೆಚ್ಚು ಗಟ್ಟಿಯಾದ ಕಾರಣ ಬೇರೆಯೇ ಇದೆ ಎಂದು ನನ್ನ ಅನುಭವ ಹೇಳುತ್ತದೆ. ಶಾಲೆಯಲ್ಲಿ ಹಣದ ನಿರ್ಧಾರವೂ ಕಲಿಕೆಯ ನಿರ್ಧಾರವೂ ಬೇರೆ ಬೇರೆ ಅಲ್ಲ.

ಒಂದು ಲೆಕ್ಕ ನೋಡೋಣ. 600 ಮಕ್ಕಳ ಒಂದು ಶಾಲೆಯಲ್ಲಿ ತರಗತಿಗೆ 30 ಮಕ್ಕಳಂತೆ 20 ವಿಭಾಗಗಳಿವೆ ಎನ್ನೋಣ. ವಾರಕ್ಕೆ 40 ಅವಧಿಗಳಾದರೆ ಒಟ್ಟು 800 ಅವಧಿಗಳನ್ನು ತುಂಬಬೇಕು. ಪ್ರತಿ ಶಿಕ್ಷಕರು 32 ಅವಧಿ ಪಾಠ ಮಾಡಿದರೆ 25 ಶಿಕ್ಷಕರು ಸಾಕು. ತರಗತಿಗಳು ಚಿಕ್ಕದಾಗಲಿ ಎಂಬ ಒಳ್ಳೆಯ ಉದ್ದೇಶದಿಂದ ವಿಭಾಗಕ್ಕೆ 25 ಮಕ್ಕಳೆಂದು ನಿರ್ಧರಿಸಿದ ಕೂಡಲೇ ವಿಭಾಗಗಳು 24 ಆಗುತ್ತವೆ, ಅವಧಿಗಳು 960 ಆಗುತ್ತವೆ, ಶಿಕ್ಷಕರು 30 ಜನ ಬೇಕಾಗುತ್ತಾರೆ. ಶಾಲೆಯೊಂದರ ವೆಚ್ಚದಲ್ಲಿ ಬಹುಪಾಲು ಸಿಬ್ಬಂದಿಯ ವೇತನಕ್ಕೇ ಹೋಗುವುದರಿಂದ ಈ ಐದು ಹುದ್ದೆಗಳು ಶಾಲೆಯ ಇಡೀ ಬಜೆಟ್ಟನ್ನೇ ಬದಲಿಸಿಬಿಡುತ್ತವೆ. ಹಾಗೆಂದು ಚಿಕ್ಕ ತರಗತಿ ಬೇಡ ಎನ್ನುವುದಲ್ಲ. ಅದೇ ಹಣದಲ್ಲಿ ಓದಲು ಕಷ್ಟಪಡುವ ಮಕ್ಕಳಿಗೆ ಪ್ರತ್ಯೇಕ ಬೋಧನೆ ಕೊಡಬಹುದೇ, ಕೆಳಗಿನ ತರಗತಿಗಳನ್ನು ಮಾತ್ರ ಚಿಕ್ಕದಾಗಿಸಿದರೆ ಎಷ್ಟಾಗುತ್ತದೆ, ಮೂರು ವರ್ಷದ ನಂತರ ದಾಖಲಾತಿ ಇಳಿದರೆ ಈ ಹುದ್ದೆಗಳ ಗತಿಯೇನು ಎಂಬುದನ್ನು ನಿರ್ಧಾರಕ್ಕೆ ಮೊದಲೇ ಶಿಕ್ಷಕರ ಮುಂದೆ ಇಡಬಲ್ಲವರು ಬೇಕು. ಇಂಗ್ಲೆಂಡಿನ ಶಿಕ್ಷಣ ಇಲಾಖೆ ಪಠ್ಯಕ್ರಮ ಮತ್ತು ಹಣಕಾಸನ್ನು ಒಟ್ಟಿಗೆ ಯೋಜಿಸುವ ಇಂಥ ಪದ್ಧತಿಯನ್ನು ತನ್ನ ಶಾಲೆಗಳಿಗೆ ಶಿಫಾರಸು ಮಾಡಿದೆ. ಈ ಲೆಕ್ಕ ಮಾಡುವವರಿಗೆ ಜಮಾ-ಖರ್ಚಿನ ಜೊತೆಗೆ ವೇಳಾಪಟ್ಟಿಯೂ ಗೊತ್ತಿರಬೇಕು, ಮಕ್ಕಳ ಅಗತ್ಯವೂ ಅರ್ಥವಾಗಬೇಕು. ನಿರ್ಧಾರವಾದ ಮೇಲೆ ಬಿಲ್ಲು ಪಾವತಿಸಲು ಮಾತ್ರ ಅವರನ್ನು ಕರೆದರೆ ಅದರಿಂದ ಏನೂ ಪ್ರಯೋಜನವಿಲ್ಲ.

ಈ ವೃತ್ತಿಗೆ ಅಮೆರಿಕದಲ್ಲಿ ದೀರ್ಘ ಇತಿಹಾಸವಿದೆ. ಅಲ್ಲಿನ ಸಾರ್ವಜನಿಕ ಶಾಲೆಗಳ ಹಣಕಾಸು ಅಧಿಕಾರಿಗಳು 1910ರಲ್ಲಿಯೇ ಸಂಘ ಕಟ್ಟಿಕೊಂಡರು. ಅದು ಇಂದು ಎಎಸ್‌ಬಿಓ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿ ಮುಂದುವರಿದಿದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಶಾಲಾ ಜಿಲ್ಲೆಯ ವ್ಯವಹಾರ ನೋಡುವವರಿಗೆ ರಾಜ್ಯವೇ ನೀಡುವ ಪ್ರತ್ಯೇಕ ಅರ್ಹತಾ ಪ್ರಮಾಣಪತ್ರವಿದೆ. ಆದರೆ ಅಲ್ಲಿ ಈ ಅಧಿಕಾರಿ ಕುಳಿತುಕೊಳ್ಳುವುದು ಅನೇಕ ಶಾಲೆಗಳನ್ನು ನೋಡಿಕೊಳ್ಳುವ ಜಿಲ್ಲಾ ಕಚೇರಿಯಲ್ಲಿ. ಒಂದೊಂದು ಶಾಲೆಯ ಒಳಗೇ ಈ ವೃತ್ತಿ ಬೆಳೆದ ಬಗೆಯನ್ನು ತಿಳಿಯಲು ಇಂಗ್ಲೆಂಡಿನ ಉದಾಹರಣೆಯೇ ಹೆಚ್ಚು ಉಪಯುಕ್ತ.

ಅಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆಯು ಸ್ಥಳೀಯ ಪ್ರಾಧಿಕಾರಗಳ ಕೈಯಲ್ಲಿದ್ದ ಬಜೆಟ್ಟಿನ ಬಹುಪಾಲನ್ನು ಶಾಲೆಗಳ ಆಡಳಿತ ಮಂಡಳಿಗಳಿಗೆ ವಹಿಸಿತು. ಅಧಿಕಾರ ಒಂದೇ ಕಾಯ್ದೆಯಿಂದ ಬಂದುಬಿಟ್ಟಿತು, ಅದನ್ನು ನಿಭಾಯಿಸುವ ಕೌಶಲ ಹಾಗೆ ಬರಲಿಲ್ಲ. ಖಾಸಗಿ ಶಾಲೆಗಳಲ್ಲಿ ಮೊದಲಿನಿಂದಲೂ ಇದ್ದ, ಹಣಕಾಸು ನೋಡಿಕೊಳ್ಳುವ ಬರ್ಸರ್ ಎಂಬ ಹುದ್ದೆಯನ್ನು ಕೆಲವು ದೊಡ್ಡ ಶಾಲೆಗಳು ಸೃಷ್ಟಿಸಿಕೊಂಡವು. ಉಳಿದ ಕಡೆ ಶಾಲೆಯ ಕಾರ್ಯದರ್ಶಿಗಳೇ ನೋಡಿ ನೋಡಿ ಕಲಿತರು. ಶಾಲಾ ನಾಯಕರಿಗೆ ತರಬೇತಿ ಕೊಡುವ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಕಾಲೇಜ್ ಫಾರ್ ಸ್ಕೂಲ್ ಲೀಡರ್‌ಶಿಪ್ 2000ರಲ್ಲಿ ಆರಂಭವಾದ ನಂತರವೇ ಶಾಲಾ ವ್ಯವಹಾರ ವ್ಯವಸ್ಥಾಪಕರಿಗೆಂದು ಪ್ರಮಾಣಪತ್ರ, ಡಿಪ್ಲೊಮಾ, ಉನ್ನತ ಡಿಪ್ಲೊಮಾ ಎಂಬ ಮೆಟ್ಟಿಲುಗಳು ರೂಪುಗೊಂಡವು. 2003ರಲ್ಲಿ ಸರ್ಕಾರ, ಉದ್ಯೋಗದಾತರು ಮತ್ತು ಹೆಚ್ಚಿನ ಶಿಕ್ಷಕ ಸಂಘಟನೆಗಳು ಮಾಡಿಕೊಂಡ ರಾಷ್ಟ್ರೀಯ ಒಪ್ಪಂದವು ಹಣ ವಸೂಲಿ, ದೊಡ್ಡ ಪ್ರಮಾಣದ ನಕಲು ತೆಗೆಯುವುದು ಮುಂತಾಗಿ ಶಿಕ್ಷಕರು ದಿನನಿತ್ಯ ಮಾಡಬೇಕಿಲ್ಲದ ಇಪ್ಪತ್ತಕ್ಕೂ ಹೆಚ್ಚು ಕೆಲಸಗಳನ್ನು ಪಟ್ಟಿ ಮಾಡಿತು. ಶಿಕ್ಷಕರಿಂದ ಇಳಿದ ಕೆಲಸವನ್ನು ಯಾರೋ ಒಬ್ಬರು ವಹಿಸಿಕೊಂಡು ವ್ಯವಸ್ಥಿತವಾಗಿ ನಡೆಸಬೇಕಲ್ಲವೇ? ಆ ಹೊಣೆ ಸಹಜವಾಗಿಯೇ ಈ ವ್ಯವಸ್ಥಾಪಕರ ಪಾಲಿಗೆ ಬಂತು. 2015ರಲ್ಲಿ ಈ ವ್ಯವಸ್ಥಾಪಕರ ರಾಷ್ಟ್ರೀಯ ಸಂಘ ತನ್ನ ವೃತ್ತಿ ಮಾನದಂಡಗಳನ್ನು ಪ್ರಕಟಿಸಿತು. 2017ರಲ್ಲಿ ಸಂಘವೇ ಇನ್‌ಸ್ಟಿಟ್ಯೂಟ್ ಆಫ್ ಸ್ಕೂಲ್ ಬಿಸಿನೆಸ್ ಲೀಡರ್‌ಶಿಪ್ ಎಂಬ ವೃತ್ತಿ ಸಂಸ್ಥೆಯಾಯಿತು.

ಈ ಕಥೆಯಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ. ತರಬೇತಿ ಆರಂಭಿಸಿದ ಆ ಸರ್ಕಾರಿ ಕಾಲೇಜು 2013ರಲ್ಲಿ ಇನ್ನೊಂದು ಸಂಸ್ಥೆಯೊಂದಿಗೆ ವಿಲೀನವಾಯಿತು. ವಿಲೀನದಿಂದ ಹುಟ್ಟಿದ ಸಂಸ್ಥೆಯೂ 2018ರಲ್ಲಿ ಮುಚ್ಚಿತು. ಅಷ್ಟರಲ್ಲಿ ವ್ಯವಸ್ಥಾಪಕರಿಗೆ ತಮ್ಮದೇ ಮಾನದಂಡ, ತಮ್ಮದೇ ಸಂಸ್ಥೆ ಇದ್ದುದರಿಂದ ವೃತ್ತಿ ಉಳಿಯಿತು. ಸರ್ಕಾರದ ಯೋಜನೆಯಾಗಿ ಮಾತ್ರ ನಡೆದ ತರಬೇತಿಯು ಆ ಯೋಜನೆ ಮುಗಿದ ದಿನ ಮುಗಿಯುತ್ತದೆ ಎಂಬುದನ್ನು ನೀತಿ ರೂಪಿಸುವವರು ಗಮನಿಸಬೇಕು.

ಹಾಂಗ್‌ಕಾಂಗ್‌ನಲ್ಲಿ 2019-20ನೇ ಸಾಲಿನಿಂದ ಪ್ರತಿ ಸಾರ್ವಜನಿಕ ಶಾಲೆಗೂ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿಕೊಳ್ಳಲು ಅನುದಾನ ಕೊಡಲಾಗುತ್ತಿದೆ. ಹುದ್ದೆ ಬೇಕೆಂದರೆ ಅದಕ್ಕೆ ಪ್ರತ್ಯೇಕ ಹಣವನ್ನೂ ಇಡಬೇಕೆಂಬ ಸರಳ ತತ್ವ ಅದರಲ್ಲಿದೆ. ಬೋಧನೆಗೆ ಬಂದ ಅನುದಾನದಿಂದಲೇ ವ್ಯವಸ್ಥಾಪಕರ ಸಂಬಳವನ್ನು ಕಿತ್ತುಕೊಡಬೇಕಾದ ಸ್ಥಿತಿ ಬಂದರೆ, ಶಿಕ್ಷಕರ ಕಣ್ಣಿಗೆ ಅವರು ಮೊದಲ ದಿನದಿಂದಲೇ ಹೊರಗಿನವರಾಗುತ್ತಾರೆ.

ವೃತ್ತಿಯ ಮಾನ್ಯತೆಯೆಂದರೆ ಪ್ರಮಾಣಪತ್ರಗಳನ್ನು ಹಂಚುವುದಲ್ಲ. ವೈದ್ಯರಿಗೋ ಎಂಜಿನಿಯರಿಗೋ ವೃತ್ತಿಧರ್ಮವೆಂಬುದು ಇರುವಂತೆ, ಈ ಕೆಲಸಕ್ಕೂ ಒಂದು ವೃತ್ತಿಧರ್ಮ ಬೇಕು. ವಸ್ತುವನ್ನು ಬೇಕೆಂದು ಕೇಳುವವರು, ಬಂದ ವಸ್ತುವನ್ನು ಎಣಿಸಿ ಪಡೆಯುವವರು, ಹಣ ಪಾವತಿಸುವವರು ಒಬ್ಬರೇ ಆಗಿರಬಾರದು ಎಂಬುದು ಲೆಕ್ಕಶಾಸ್ತ್ರದ ಹಳೆಯ ನಿಯಮ. ಮುಖ್ಯ ಶಿಕ್ಷಕರೊಬ್ಬರೇ ಎಲ್ಲವನ್ನೂ ಮಾಡುವ ಶಾಲೆಯಲ್ಲಿ ಈ ನಿಯಮ ಪ್ರತಿದಿನವೂ ಮುರಿಯುತ್ತದೆ; ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆರೋಪ ಬಂದಾಗ ಅವರ ರಕ್ಷಣೆಗೆ ದಾಖಲೆಯೇ ಇರುವುದಿಲ್ಲ. ದರಪಟ್ಟಿಗಳನ್ನು ಸರಿಯಾಗಿ ಹೋಲಿಸಿಲ್ಲ, ಈ ಬಿಲ್ಲಿಗೆ ಸಹಿ ಮಾಡುವಂತಿಲ್ಲ ಎಂದು ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಹೇಳುವ ಅಧಿಕಾರ ವ್ಯವಸ್ಥಾಪಕರಿಗೆ ಇರಬೇಕು. ಅಗತ್ಯಬಿದ್ದರೆ ಆಡಳಿತ ಮಂಡಳಿಯ ಮುಂದೆ ನೇರವಾಗಿ ವಿಷಯ ಇಡುವ ಹಕ್ಕೂ ಇರಬೇಕು. ಹೀಗೆ ಹೇಳಿದ ಕಾರಣಕ್ಕೆ ಕೆಲಸ ಕಳೆದುಕೊಳ್ಳುವ ಭಯವಿರುವವರಿಂದ ಈ ಧೈರ್ಯವನ್ನು ನಿರೀಕ್ಷಿಸಲಾಗದು. ನಮ್ಮ ಹಿರಿಯ ಸಹಾಯಕಿ ಒಮ್ಮೆ ನನ್ನನ್ನು ಹಾಗೆ ತಡೆದಿದ್ದರು. ಅದು ಅವರ ವೈಯಕ್ತಿಕ ದೃಢತೆ. ಅವರ ಹುದ್ದೆ ಅವರಿಗೆ ಕೊಟ್ಟಿದ್ದ ಬಲವಲ್ಲ.

ಈ ಸಲಹೆಗೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶಾಲೆಯನ್ನು ವ್ಯಾಪಾರವಾಗಿಸುವ ಮೊದಲ ಹೆಜ್ಜೆ ಇದು ಎಂದು ಅನೇಕ ಶಿಕ್ಷಕರು ಹೇಳುತ್ತಾರೆ. ಈ ಹುದ್ದೆಯ ಇಂಗ್ಲಿಷ್ ಹೆಸರಿನಲ್ಲಿರುವ ಬಿಸಿನೆಸ್ ಎಂಬ ಪದವೇ ಈ ಅನುಮಾನಕ್ಕೆ ಕಾರಣ. ನಮ್ಮ ವ್ಯವಹಾರ ಎಂಬ ಪದಕ್ಕೆ ಕೊಡು-ಕೊಳ್ಳುವಿಕೆಯ ಅರ್ಥದ ಜೊತೆಗೆ ನಡವಳಿಕೆ, ನ್ಯಾಯನಿರ್ಣಯ ಎಂಬ ಹಿರಿದಾದ ಅರ್ಥವೂ ಇರುವುದರಿಂದ ನಾನು ಅದನ್ನೇ ಬಳಸಿದ್ದೇನೆ. ಆದರೂ ಅನುಮಾನ ಪೂರ್ತಿ ನಿರಾಧಾರವಲ್ಲ. ಇಂಗ್ಲೆಂಡಿನ 2015ರ ಮಾನದಂಡಗಳಲ್ಲಿ ಹಣಕಾಸು, ಖರೀದಿ, ಮೂಲಸೌಕರ್ಯ, ಮಾನವ ಸಂಪನ್ಮೂಲ ಮತ್ತು ಪೂರಕ ಸೇವೆಗಳ ನಾಯಕತ್ವದ ಜೊತೆಗೆ ಮಾರ್ಕೆಟಿಂಗ್ ಕೂಡ ಸೇರಿದೆ. ಪಕ್ಕದ ಶಾಲೆಯ ಮಕ್ಕಳನ್ನು ಸೆಳೆದುಕೊಳ್ಳುವುದು ಸಾರ್ವಜನಿಕ ಶಾಲೆಯ ನೌಕರರೊಬ್ಬರ ವೃತ್ತಿ ಕೌಶಲವಾಗುವುದನ್ನು ನಾನು ಒಪ್ಪಲಾರೆ. ಶಾಲೆಯ ಆಯವ್ಯಯವನ್ನು ಪೋಷಕರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವ ಕೌಶಲವನ್ನು ಅದರ ಜಾಗದಲ್ಲಿ ಇಟ್ಟರೆ ಒಳ್ಳೆಯದು. ಏನನ್ನು, ಹೇಗೆ ಕಲಿಸಬೇಕೆಂಬ ಕೊನೆಯ ಮಾತು ಶಿಕ್ಷಕರದ್ದೇ ಆಗಿರಬೇಕೆಂಬುದರಲ್ಲೂ ಎರಡು ಮಾತಿಲ್ಲ.

ಚಿಕ್ಕ ಶಾಲೆಗಳ ಮಾತು ಬೇರೆ. ನೂರು ಮಕ್ಕಳ ಶಾಲೆಗೆ ಪೂರ್ಣಾವಧಿಯ ವ್ಯವಸ್ಥಾಪಕರು ಹೊರೆಯೇ. ಹತ್ತಿರದ ನಾಲ್ಕೈದು ಶಾಲೆಗಳು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು. ಪ್ರತ್ಯೇಕವಾಗಿ ಕೊಳ್ಳುವ ಪೀಠೋಪಕರಣ, ಕಾಗದ, ವಿಮೆಗಳನ್ನು ಒಟ್ಟಾಗಿ ಕೊಂಡರೆ ಅವರ ಸಂಬಳದ ಒಂದು ಭಾಗವಾದರೂ ಅಲ್ಲಿಯೇ ಉಳಿತಾಯವಾಗುತ್ತದೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳು ಈ ದಾರಿಯನ್ನು ಪ್ರಯೋಗಿಸಿ ನೋಡಿವೆ.

ಕೊನೆಯದಾಗಿ ವೇತನದ ವಿಷಯ. ಇಷ್ಟೆಲ್ಲ ಮುಂದುವರಿದ ಇಂಗ್ಲೆಂಡಿನಲ್ಲಿಯೂ ಶಿಕ್ಷಕರ ಹಾಗೂ ಮುಖ್ಯ ಶಿಕ್ಷಕರ ರಾಷ್ಟ್ರೀಯ ವೇತನ ಶ್ರೇಣಿ ಈ ವ್ಯವಸ್ಥಾಪಕರಿಗೆ ಅನ್ವಯಿಸುವುದಿಲ್ಲ. ಅನೇಕರು ಸ್ಥಳೀಯ ಸರ್ಕಾರದ ನೌಕರರ ಶ್ರೇಣಿಯಲ್ಲಿದ್ದಾರೆ. ಶಾಲೆ ನಡೆಯುವ ವಾರಗಳಿಗೆ ಮಾತ್ರ ಸಂಬಳ ಸಿಗುವ ಕರಾರಿನಲ್ಲಿರುವವರೂ ಇದ್ದಾರೆ. ಕಟ್ಟಡದ ದೊಡ್ಡ ದುರಸ್ತಿಗಳು ನಡೆಯುವುದು ಮಕ್ಕಳಿಗೆ ದೀರ್ಘ ರಜೆ ಇರುವಾಗಲೇ. ಆ ಕಾಮಗಾರಿಯ ಮೇಲೆ ಕಣ್ಣಿಡಬೇಕಾದವರಿಗೆ ಆ ವಾರಗಳ ಸಂಬಳವೇ ಇಲ್ಲದಿದ್ದರೆ ಅದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ಸಾರ್ವಜನಿಕ ಶಾಲೆಗಳಲ್ಲಿ ಈ ಹುದ್ದೆಯನ್ನು ಹೊಸದಾಗಿ ರೂಪಿಸುವ ಯಾವುದೇ ಸರ್ಕಾರ ಮೊದಲ ನೇಮಕಾತಿಯ ಅಧಿಸೂಚನೆಯಲ್ಲಿಯೇ ಪೂರ್ಣ ವರ್ಷದ ವೇತನ, ಬಡ್ತಿಯ ಮೆಟ್ಟಿಲುಗಳು ಮತ್ತು ಆಡಳಿತ ಮಂಡಳಿಯ ಸಭೆಯಲ್ಲಿ ಭಾಗವಹಿಸುವ ಹಕ್ಕನ್ನು ಬರೆದಿಡಬೇಕು. ಈಗಾಗಲೇ ಶಾಲಾ ಕಚೇರಿಗಳಲ್ಲಿ ಈ ಕೆಲಸವನ್ನು ಬೇರೆ ಹೆಸರಿನಲ್ಲಿ ಮಾಡುತ್ತಿರುವವರಿಗೆ, ಅವರ ಅನುಭವವನ್ನು ಅರ್ಹತೆಯೆಂದು ಎಣಿಸಿ, ತರಬೇತಿಯ ಮೊದಲ ಅವಕಾಶವನ್ನು ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕ